ನಡುವಣ ಮುಖ, ಅಂಚಿನ ಮಾತು: ಭಾವಚಿತ್ರದ ರತ್ನಗಂಬಳಿಗಳ ಒಂದು ಓದು

ರತ್ನಗಂಬಳಿ ನೆಲಕ್ಕೆ ಸೇರಿದ ವಸ್ತು. ಅದರ ಮೇಲೆ ಕೂರುತ್ತಾರೆ, ಮಲಗುತ್ತಾರೆ, ನಮಾಜು ಮಾಡುತ್ತಾರೆ, ಮಕ್ಕಳು ಅಂಬೆಗಾಲಿಡುತ್ತವೆ. ಆದರೆ ಅದರ ನಡುವೆ ಆಳುವವನೊಬ್ಬನ ಮುಖ ಮೂಡಿದ ಕೂಡಲೆ ಅದು ನೆಲವನ್ನು ಬಿಟ್ಟು ಗೋಡೆಗೆ ಏರುತ್ತದೆ. ಅಲ್ಲಿಂದ ಮುಂದೆ ಅದರ ಮೇಲೆ ಕಾಲಿಡುವುದು ಅಪಚಾರ; ಕೆಲವು ದೇಶಕಾಲಗಳಲ್ಲಿ ಅಪರಾಧವೂ ಹೌದು. ಕಾಗದಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1991ರ ಕೊಲ್ಲಿ ಯುದ್ಧದ ತರುವಾಯ ಬಾಗ್ದಾದಿನ ಅಲ್-ರಶೀದ್ ಹೋಟೆಲಿನ ಹೊಸ್ತಿಲಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಹಿರಿಯ ಬುಷ್ ಅವರ ಮುಖವನ್ನು ಬಿಲ್ಲೆಗಳಿಂದ ನೆಲಕ್ಕೆ ಕೂಡಿಸಿ, ಒಳಬರುವವರೆಲ್ಲ ಅದನ್ನು ತುಳಿದೇ ಬರುವಂತೆ ಮಾಡಿದ್ದರು. ಅದೂ ಇದೇ ತರ್ಕದ ಮಗುಚಿದ ರೂಪ. ಮುಖಕ್ಕೆ ಗೋಡೆಯಲ್ಲಿ ಗೌರವ, ನೆಲದಲ್ಲಿ ಅವಮಾನ. ರತ್ನಗಂಬಳಿ ಇವೆರಡರ ನಡುವೆ ಸಿಕ್ಕಿಕೊಂಡ ಮಾಧ್ಯಮ.

ಲೆನಿನ್, ಸ್ಟಾಲಿನ್, ಅಫ್ಘಾನ್ ದೊರೆ ಅಮಾನುಲ್ಲಾ, ತುರ್ಕ್‌ಮೆನಿಸ್ತಾನದ ನಿಯಾಜೋವ್ ಮೊದಲಾದವರ ಮುಖಗಳನ್ನು ಹೊತ್ತ ರತ್ನಗಂಬಳಿಗಳು ಇಂದು ಯುರೋಪು, ಅಮೆರಿಕಗಳ ಹರಾಜುಕಟ್ಟೆಗಳಲ್ಲಿಯೂ ಸಂಗ್ರಾಹಕರ ಗೋಡೆಗಳ ಮೇಲೂ ಕಾಣಸಿಗುತ್ತವೆ. ಒಂದು ಕಾಲಕ್ಕೆ ಪ್ರಚಾರಸಾಮಗ್ರಿಯಾಗಿದ್ದುದು ಈಗ ಸಂಗ್ರಹಯೋಗ್ಯ ಸರಕು. ಇವುಗಳ ಬಗ್ಗೆ ಬರೆಯುವವರಲ್ಲಿ ಎರಡು ಪಂಗಡಗಳಿವೆ. ಹಳೆಯ ರಸಜ್ಞರ ಪಾಲಿಗೆ ಇವು ಅವನತಿಯ ಗುರುತುಗಳು. ಸಸ್ಯವರ್ಣಗಳ, ಜ್ಯಾಮಿತಿಯ, ಬುಡಕಟ್ಟಿನ 'ಶುದ್ಧ' ಕಲೆಯನ್ನು ಫೋಟೋ ಕೆಡಿಸಿತೆಂಬುದು ಅವರ ದೂರು. ಹೊಸ ಸಂಗ್ರಾಹಕರಿಗೆ ಇವು ವಿನೋದದ ವಸ್ತುಗಳು. ಸರ್ವಾಧಿಕಾರಿಯ ಗಡ್ಡವನ್ನು ಉಣ್ಣೆಯಲ್ಲಿ ಕಂಡು ತುಟಿಯಂಚಿನಲ್ಲಿ ನಗುವುದೇ ಅವರ ರಸಾಸ್ವಾದ. ಈ ಇಬ್ಬರ ನೋಟವೂ ನಡುವಣ ಮುಖದ ಮೇಲೆಯೇ ನೆಟ್ಟಿದೆ. ಮುಖದ ಸುತ್ತ ಇರುವ ಅಂಚನ್ನು, ಮುಖದ ಕೆಳಗೆ ನೇಯ್ದ ಅಕ್ಷರಗಳನ್ನು, ಗಂಬಳಿಯನ್ನು ಮಗುಚಿದರೆ ಕಾಣುವ ಗಂಟುಗಳನ್ನು ಓದದೆ ಈ ವಸ್ತುವಿನ ವಿಮರ್ಶೆ ಪೂರ್ಣವಾಗದು ಎಂಬುದು ಈ ಬರಹದ ವಾದ. ಅಲ್ಲಿ ಓದಲು ಸಿಗುವುದು ಆಳುವವನ ಚರಿತ್ರೆಯಲ್ಲ, ನೇಯ್ದವಳ ಭಾಷೆಯ ಚರಿತ್ರೆ.

ಮೊದಲು ಕಸುಬಿನ ಮಾತು. ಕನ್ನಡದಲ್ಲಿ ಜಮಖಾನ ಬೇರೆ, ರತ್ನಗಂಬಳಿ ಬೇರೆ. ನವಲಗುಂದದ ಜಮಖಾನದಲ್ಲಿ ಹಾಸು ಮತ್ತು ಹೊಕ್ಕಿನ ನೂಲುಗಳೇ ವಿನ್ಯಾಸವನ್ನು ಮಾಡುತ್ತವೆ, ಮೇಲ್ಮೈ ಚಪ್ಪಟೆ. ರತ್ನಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಬಣ್ಣದ ಉಣ್ಣೆಯ ತುಂಡುಗಳನ್ನು ಒಂದೊಂದಾಗಿ ಗಂಟು ಹಾಕಿ, ಒಂದು ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಪ್ರತಿಯೊಂದು ಗಂಟೂ ಒಂದು ಬಣ್ಣದ ಚುಕ್ಕೆ. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಭಾವಚಿತ್ರದಲ್ಲಿ ಒಂದು ಚದರ ಡೆಸಿಮೀಟರಿಗೆ 3,000 ಗಂಟುಗಳಿವೆ ಎಂದಿಟ್ಟುಕೊಂಡರೆ ಒಟ್ಟು 4,50,000 ಗಂಟುಗಳಾಗುತ್ತವೆ. ದಿನಕ್ಕೆ 8,000 ಗಂಟು ಹಾಕುವ ಕೈಗೂ ಎರಡು ತಿಂಗಳ ಹತ್ತಿರದ ಕೆಲಸ ಅದು. ನಕ್ಷೆಯನ್ನು ಚೌಕಳಿ ಕಾಗದದ ಮೇಲೆ ಚಿತ್ರಕಾರ ಬರೆದುಕೊಡುತ್ತಾನೆ. ಒಂದು ಚೌಕಕ್ಕೆ ಒಂದು ಗಂಟು. ನಿಂತ ಮಗ್ಗದಲ್ಲಿ ನೇಯ್ಗೆ ಕೆಳಗಿನಿಂದ ಮೇಲಕ್ಕೆ ಬೆಳೆಯುವುದರಿಂದ ನಾಯಕನ ಮುಖ ಅವಳ ಮುಂದೆ ಒಮ್ಮೆಗೇ ಎದುರಾಗುವುದಿಲ್ಲ. ಮೊದಲು ಕೋಟಿನ ಗುಂಡಿ, ಬಳಿಕ ಟೈ, ಗಡ್ಡ, ತುಟಿ. ಕಣ್ಣುಗಳು ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅಷ್ಟು ಕಾಲ ಅವಳು ನೇಯುತ್ತಿದ್ದುದು ಲೆನಿನ್‌ನನ್ನಲ್ಲ. ಕಂದು, ಅದಕ್ಕಿಂತ ತುಸು ತಿಳಿಯಾದ ಕಂದು, ಅದಕ್ಕಿಂತ ತುಸು ಕಪ್ಪಾದ ಕಂದು.

ಮುಖವನ್ನು ನೇಯುವ ವಾಡಿಕೆ ಸೋವಿಯತ್ತರಿಂದ ಶುರುವಾದುದಲ್ಲ. ಕಾಜಾರ್ ಅರಸರ ಕಾಲದ ಇರಾನಿನಲ್ಲಿ, ಮುಖ್ಯವಾಗಿ ಕೆರ್ಮಾನ್ ಮತ್ತು ಅದರ ಬಳಿಯ ರಾವರ್‌ನಲ್ಲಿ, ಚಿತ್ರಗಂಬಳಿಗಳ ದೊಡ್ಡ ಪರಂಪರೆಯೇ ಇತ್ತು. ಮೋಸೆಸ್‌ನಿಂದ ನೆಪೋಲಿಯನ್‌ವರೆಗೆ, ಕನ್‌ಫ್ಯೂಶಿಯಸ್‌ನಿಂದ ವಾಷಿಂಗ್ಟನ್‌ವರೆಗೆ ಜಗತ್ತಿನ ಖ್ಯಾತರನ್ನೆಲ್ಲ ಒಂದೇ ಹಾಸಿನಲ್ಲಿ ಸಭೆ ಸೇರಿಸಿದ 'ಮಶಾಹೀರ್' ಗಂಬಳಿಗಳು ಅಲ್ಲಿಯವು. ಶಾಹನಾಮೆಯ ಪುರಾಣಪುರುಷ ಹೂಶಂಗ್ ಶಾ ಇನ್ನೊಂದು ಅಚ್ಚುಮೆಚ್ಚಿನ ವಿಷಯ. ಈ ಚಿತ್ರಗಳ ಮೂಲವನ್ನು ಬೆನ್ನಟ್ಟಿದರೆ ನಾವು ಅಚ್ಚಾದ ಪುಸ್ತಕಗಳಿಗೆ ಬಂದು ನಿಲ್ಲುತ್ತೇವೆ. ಜಲಾಲುದ್ದೀನ್ ಮಿರ್ಜಾನ 'ನಾಮಾ-ಎ-ಖುಸ್ರವಾನ್' ಎಂಬ ರಾಜಾವಳಿಯ ಕಲ್ಲಚ್ಚಿನ ಮುಖಗಳು, ಫುರ್ಸತ್ ಶೀರಾಜಿಯ 'ಆಸಾರ್-ಎ-ಅಜಮ್' ಗ್ರಂಥದಲ್ಲಿನ ಪರ್ಸೆಪೊಲಿಸ್ ಶಿಲ್ಪಗಳ ರೇಖಾಚಿತ್ರಗಳು ನೇಯ್ಗೆಗೆ ಇಳಿದವು. ಈ ಎರಡನೆಯ ಪುಸ್ತಕ ಅಚ್ಚಾದದ್ದು 1896ರಲ್ಲಿ, ನಮ್ಮ ಮುಂಬಯಿಯಲ್ಲಿ. ಶುದ್ಧ ಜಾನಪದ, ಕೆಟ್ಟ ಆಧುನಿಕತೆ ಎಂದು ರಸಜ್ಞರು ಎಳೆಯುವ ಗೆರೆ ಇಲ್ಲಿಯೇ ಅಳಿಸಿಹೋಗುತ್ತದೆ. ಮುಂಬಯಿಯ ಕಲ್ಲಚ್ಚಿಗೂ ಇರಾನಿನ ಮಗ್ಗಕ್ಕೂ ಬಳಕೆ ಬೆಳೆದುದು ಬೊಲ್ಶೆವಿಕ್ ಕ್ರಾಂತಿಗಿಂತ ಮೊದಲೇ.

ಆದರೂ ಕೆರ್ಮಾನಿನ ಮುಖಗಳಿಗೂ ಸೋವಿಯತ್ ಮುಖಗಳಿಗೂ ನಡುವೆ ಒಂದು ವ್ಯತ್ಯಾಸವಿದೆ, ಅದನ್ನು ಹೇಳಲೇಬೇಕು. ಕೆರ್ಮಾನಿನ ನೇಯ್ಗೆಯಲ್ಲಿ ನೆಪೋಲಿಯನ್ನನೂ ಕೂಡುಹುಬ್ಬಿನ ಇರಾನಿ ಯುವಕನಾಗುತ್ತಾನೆ. ಮುಖ ಚಪ್ಪಟೆ, ನೆರಳಿಲ್ಲ, ಕಣ್ಣು ಬಾದಾಮಿ. ಗಂಬಳಿಯ ವ್ಯಾಕರಣಕ್ಕೆ ಮುಖವೇ ಒಗ್ಗಿಕೊಂಡಿದೆ. ಸೋವಿಯತ್ ಭಾವಚಿತ್ರಗಳಲ್ಲಿ ಒಗ್ಗಿಕೊಳ್ಳಬೇಕಾದುದು ಗಂಬಳಿ. ಮೂಗಿನ ಮಗ್ಗುಲಿನ ನೆರಳಿಗೆ, ಹಣೆಯ ಹೊಳಪಿಗೆ ಹತ್ತಾರು ರಾಸಾಯನಿಕ ಛಾಯೆಗಳು ಬೇಕು. 'ಫೋಟೋದಂತೆಯೇ ಇದೆ' ಎಂಬುದೇ ಅಲ್ಲಿನ ಅತಿದೊಡ್ಡ ಪ್ರಶಂಸೆ. ಅದು ಗಂಬಳಿಯನ್ನು ಗಂಬಳಿಯಂತಿಲ್ಲವೆಂದು ಹೊಗಳಿದ ಮಾತು. ಹೀಗಾಗಿ ನಾನು ಚಿತ್ರಪುಟಗಳಲ್ಲಿ ನೋಡಿರುವ ಇಂಥ ಗಂಬಳಿಗಳಲ್ಲಿ ನಡುವಣ ಮುಖ ಹೆಚ್ಚಿನ ಸಲ ಸತ್ತಂತಿರುತ್ತದೆ, ಸುತ್ತಲಿನ ಅಂಚು ಜೀವಂತವಾಗಿರುತ್ತದೆ. ಇದು ಭಾವುಕತೆಯ ಮಾತಲ್ಲ. ಅಂಚಿನ ಕೊಂಡಿ, ಏಣಿ, ಎಂಟುಮೂಲೆಯ ಹೂವುಗಳನ್ನು ಕೈ ಬಾಯಿಪಾಠವಾಗಿ ಬಲ್ಲುದು. ಮುಖವನ್ನು ಕಣ್ಣು ನಕ್ಷೆ ನೋಡಿ ನೋಡಿ ನಕಲು ಮಾಡುತ್ತದೆ. ಕಲಿತ ಪಾಠಕ್ಕೂ ಒಲಿದ ಹಾಡಿಗೂ ಇರುವಷ್ಟು ಅಂತರ ಅದು. ಸರ್ಕಾರಿ ಕಾರ್ಯಾಗಾರಗಳಲ್ಲಿ ಅಂಚನ್ನು ಸಹ ಚಿತ್ರಕಾರನೇ ಬರೆದುಕೊಟ್ಟದ್ದುಂಟು, ಆದ್ದರಿಂದ ಪ್ರತಿಯೊಂದು ಅಂಚನ್ನೂ ನೇಕಾರಳ ಸ್ವಂತ ನುಡಿಯೆಂದು ಸಾಧಿಸಲಾಗದು. ಆದರೆ ಬರೆದುಕೊಟ್ಟದ್ದು ಅವಳ ತಾಯಿಯ ಮಗ್ಗದಿಂದ ಎತ್ತಿಕೊಂಡುದನ್ನೇ.

ಸ್ಟಾಲಿನ್ 1925ರಲ್ಲಿ ಪೂರ್ವದೇಶಗಳ ಕಾರ್ಮಿಕರ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಹೊಸ ಸಂಸ್ಕೃತಿಗೆ ಒಂದು ಸೂತ್ರ ಕೊಟ್ಟ: ಹೂರಣ ಶ್ರಮಿಕವರ್ಗದ್ದು, ರೂಪ ಆಯಾ ಜನಾಂಗದ್ದು. ರತ್ನಗಂಬಳಿಯಷ್ಟು ಸಲೀಸಾಗಿ ಈ ಸೂತ್ರಕ್ಕೆ ಹೊಂದಿಕೊಂಡ ಕಲೆ ಬೇರೊಂದಿರಲಾರದು. ನಡುವೆ ಲೆನಿನ್, ಅದು ಹೂರಣ; ಸುತ್ತ ತುರ್ಕ್‌ಮೆನ್ ಅಥವಾ ಅಜರ್‌ಬೈಜಾನಿ ಅಂಚು, ಅದು ರೂಪ. ಒಕ್ಕೂಟದಲ್ಲಿ ಅಲ್ಪಸಂಖ್ಯಾತ ಭಾಷೆಗಳಿಗಿದ್ದ ಸ್ಥಾನದ ನಕಾಶೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಬರೆಯಲಾಗದು. ಅಂಚಿನಲ್ಲಿ ನಿನ್ನ ಮಾತನ್ನು ಆಡಿಕೊ, ಎಷ್ಟು ಬೇಕಾದರೂ ಚೆಂದವಾಗಿ ಆಡು. ನಡುವಣ ಮಾತನ್ನು ನಾವು ಕಳುಹಿಸುತ್ತೇವೆ.

ಈ 'ನಡು' ಖಾಲಿ ಜಾಗವಾಗಿರಲಿಲ್ಲ ಎಂಬುದು ಮುಖ್ಯ. ತುರ್ಕ್‌ಮೆನ್ ಗಂಬಳಿಗಳ ನಡುಭಾಗದಲ್ಲಿ ಸಾಲುಸಾಲಾಗಿ ಬರುವ ಎಂಟುಮೂಲೆಯ ಪದಕಗಳು ತೆಕ್ಕೆ, ಯೋಮುತ್, ಸಾಲೋರ್, ಸಾರಿಕ್, ಎರ್ಸಾರಿ ಮೊದಲಾದ ಬುಡಕಟ್ಟುಗಳ ಗುರುತುಗಳು. ಸೋವಿಯತ್ ಜನಾಂಗಶಾಸ್ತ್ರಜ್ಞೆ ವಲೆಂತೀನಾ ಮೋಷ್ಕೋವಾ ಈ ಕುಲಚಿಹ್ನೆಗಳನ್ನು 'ಗ್ಯೋಲ್' ಎಂದು ಕರೆದು, ಬರಿಯ ಅಲಂಕಾರದ 'ಗುಲ್'ಗಳಿಂದ ಬೇರ್ಪಡಿಸಿದರು. ಸೋತ ಬುಡಕಟ್ಟು ತನ್ನ ಗ್ಯೋಲನ್ನು ಬಿಟ್ಟು ಗೆದ್ದವರ ಗ್ಯೋಲನ್ನು ನೇಯತೊಡಗುತ್ತದೆ, ಸೋತವರ ಚಿಹ್ನೆ ದೊಡ್ಡ ಗಂಬಳಿಯಿಂದ ಜಾರಿ ಚೀಲ, ಪಟ್ಟಿಗಳಂಥ ಸಣ್ಣ ನೇಯ್ಗೆಗಳಲ್ಲಿ ಉಳಿದುಕೊಳ್ಳುತ್ತದೆ ಎಂಬುದು ಅವರ ಪ್ರಮೇಯ. ಇದನ್ನು ಮುಂದಿನ ವಿದ್ವಾಂಸರೆಲ್ಲ ಒಪ್ಪಿಲ್ಲ. ಆದರೆ 1940ರ ದಶಕದಲ್ಲಿ, ತುರ್ಕ್‌ಮೆನ್ ಗಂಬಳಿಗಳ ನಡುವೆ ಸ್ಟಾಲಿನ್ ಮುಖ ಏರುತ್ತಿದ್ದ ದಿನಗಳಲ್ಲಿಯೇ, ಆ ವಿದುಷಿ ಸೋತವರ ಚಿಹ್ನೆಗಳ ಬಗ್ಗೆ ಬರೆದರು ಎಂಬುದನ್ನು ಮರೆಯದೆ ಓದಿದರೆ ಆ ಪ್ರಮೇಯಕ್ಕೆ ಇನ್ನೊಂದು ದನಿ ಕೂಡಿಕೊಳ್ಳುತ್ತದೆ. ಅದು ಅವರ ಉದ್ದೇಶವಾಗಿತ್ತೆಂದು ನಾನು ಹೇಳುತ್ತಿಲ್ಲ. 1992ರಲ್ಲಿ ಸ್ವತಂತ್ರ ತುರ್ಕ್‌ಮೆನಿಸ್ತಾನ ತನ್ನ ಬಾವುಟದ ಮೇಲೆ ಐದು ಪದಕಗಳನ್ನು ನಿಲ್ಲಿಸಿದಾಗ, ಅಂಚಿಗೆ ತಳ್ಳಿಸಿಕೊಂಡಿದ್ದುದು ರಾಷ್ಟ್ರಚಿಹ್ನೆಯಾಗಿ ಮರಳಿತು. ಆದರೆ ಅದೇ ರಾಷ್ಟ್ರದ ಅಧ್ಯಕ್ಷ ನಿಯಾಜೋವ್ ಅವರ ಮುಖವೂ ಗಂಬಳಿಯ ನಡುವಿಗೆ ಬರಲು ತಡವಾಗಲಿಲ್ಲ. 2001ರಲ್ಲಿ ನೇಯ್ದ 301 ಚದರ ಮೀಟರಿನ ಬೃಹತ್ ಗಂಬಳಿಗೆ ಅವರ ಸುವರ್ಣಯುಗದ ಹೆಸರನ್ನೇ ಇಟ್ಟರು. ಕೈನೇಯ್ಗೆಯ ಅತಿದೊಡ್ಡ ಗಂಬಳಿಯೆಂದು ಗಿನ್ನೆಸ್ ದಾಖಲೆಗೂ ಅದು ಸೇರಿತು.

ಅಕ್ಷರಗಳ ವಿಚಾರ ಇನ್ನೂ ಸ್ವಾರಸ್ಯಕರ. ಮುಖದ ಮೇಲೋ ಕೆಳಗೋ ಹೆಸರು, ಇಸವಿ, ಘೋಷಣೆ ನೇಯುವುದು ವಾಡಿಕೆ. ಅಜರ್‌ಬೈಜಾನಿ ಭಾಷೆ 1920ರ ದಶಕದವರೆಗೆ ಅರಬ್ಬಿ ಲಿಪಿಯಲ್ಲಿತ್ತು, 1929ರಿಂದ ಲ್ಯಾಟಿನ್ ಲಿಪಿ ಅಧಿಕೃತವಾಯಿತು, 1940ರಿಂದ ಸಿರಿಲಿಕ್. ತುರ್ಕ್‌ಮೆನ್ ಭಾಷೆ ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ ಇದೇ ಹಾದಿ ಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಲ್ಯಾಟಿನ್ನಿಗೆ, ಆದರೆ ಹೊಸ ಲ್ಯಾಟಿನ್ನಿಗೆ, ಮರಳಿದವು. ಗಂಬಳಿಯ ಕಾಲನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಕಡಿಮೆ. ಅಜರ್‌ಬೈಜಾನಿ ನುಡಿಯ ಘೋಷಣೆ 1930ರ ದಶಕದ ಲ್ಯಾಟಿನ್ನಿನಲ್ಲಿದ್ದರೆ ಗಂಬಳಿಯ ವಯಸ್ಸು ಹತ್ತು ವರ್ಷದ ಅವಧಿಯೊಳಗೆ ಬಂದು ನಿಲ್ಲುತ್ತದೆ. ಆದರೆ ಸಂಗ್ರಾಹಕನಿಗೆ ಕಾಲಸೂಚಿಯಾಗಿ ಒದಗುವ ಈ ಸಂಗತಿ ನೇಕಾರಳ ಬಾಳಿನಲ್ಲಿ ಏನಾಗಿತ್ತು? 1910ರ ಸುಮಾರಿಗೆ ಹುಟ್ಟಿ ಮನೆಯಲ್ಲಿ ಅರಬ್ಬಿ ಅಕ್ಷರ ಕಲಿತ ಹೆಣ್ಣುಮಗಳು ಮೂವತ್ತು ತುಂಬುವುದರೊಳಗೆ ಎರಡು ಸಲ ನಿರಕ್ಷರಿಯಾದಳು. ಅಜ್ಜನ ಕಾಗದ ಮೊಮ್ಮಗನಿಗೆ ಓದಲು ಬಾರದು, ಮೊಮ್ಮಗನ ಪಠ್ಯಪುಸ್ತಕ ಅಜ್ಜನಿಗೆ ಬಾರದು. ಈ ನಡುವೆ ಅವಳು ಅಕ್ಷರವನ್ನು ಓದದೆಯೇ ನೇಯ್ದಳು, ಚೌಕಗಳನ್ನು ಎಣಿಸಿ, ಹೂವನ್ನು ನೇಯುವಂತೆಯೇ. ಮನೆಯ ಮಾತು ಒಂದು, ಶಾಲೆಯ ಅಕ್ಷರ ಇನ್ನೊಂದು, ಕಚೇರಿಯ ಫಲಕ ಮತ್ತೊಂದು ಎಂಬ ಸ್ಥಿತಿಯನ್ನು ಬಲ್ಲ ಗಡಿಸೀಮೆಯ ಓದುಗರು ಆ ನೇಯ್ಗೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬಹುದು.

ಹಾಗೆಂದು ಈ ಇಡೀ ವ್ಯವಹಾರವನ್ನು ದಬ್ಬಾಳಿಕೆಯೆಂದು ಕರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಸಹಕಾರಿ ಕಾರ್ಯಾಗಾರಗಳು ನೇಕಾರ ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟವು, ಮನೆಯ ಹೊರಗೆ ಕೂಡಲು ಒಂದು ಜಾಗ ಕೊಟ್ಟವು. ಮುಖಗಳನ್ನು ನೇಯಿಸಿದ ಅದೇ ಪ್ರಭುತ್ವ ಅಂಚುಗಳನ್ನು ದಾಖಲಿಸಲೂ ಹಣ ಕೊಟ್ಟಿತು. ಶುಶಾದಲ್ಲಿ ಹುಟ್ಟಿ ಇರಾನಿನ ಮಶ್‌ಹದ್‌ನಲ್ಲಿ ಬೆಳೆದ ಲತೀಫ್ ಕೆರಿಮೋವ್ ಅಜರ್‌ಬೈಜಾನಿ ಗಂಬಳಿಗಳ ವಿನ್ಯಾಸಗಳನ್ನು ಒಂದೊಂದಾಗಿ ಹೆಸರಿಟ್ಟು ವರ್ಗೀಕರಿಸಿದ ಗ್ರಂಥದ ಮೊದಲ ಸಂಪುಟ 1961ರಲ್ಲಿ ಹೊರಬಂತು; ಉಳಿದ ಎರಡು ಸಂಪುಟಗಳಿಗೆ 1983ರವರೆಗೆ ಕಾಯಬೇಕಾಯಿತು. 1967ರಲ್ಲಿ ಬಾಕೂ ನಗರದಲ್ಲಿ ಗಂಬಳಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ನಡುವಣ ಮುಖದ ದಾಕ್ಷಿಣ್ಯದಲ್ಲಿ ಅಂಚು ಬದುಕಿಕೊಂಡಿತು ಎಂದರೆ ಅದು ಅರ್ಧಸತ್ಯ. ಆ ಅರ್ಧವನ್ನು ಬಿಡುವಂತಿಲ್ಲ.

ಪ್ರಚಾರಸಾಮಗ್ರಿಯಾಗಿ ಇವುಗಳ ಉತ್ಕರ್ಷ 1949ರ ಡಿಸೆಂಬರಿನಲ್ಲಿ ಕಾಣುತ್ತದೆ. ಸ್ಟಾಲಿನ್‌ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಬಂದ ಉಡುಗೊರೆಗಳಿಗಾಗಿ ಮಾಸ್ಕೋದ ಪುಷ್ಕಿನ್ ಸಂಗ್ರಹಾಲಯದ ಕಲಾಕೃತಿಗಳನ್ನೇ ತೆರವುಗೊಳಿಸಿದರು. ಆ ಪ್ರದರ್ಶನ 1953ರವರೆಗೆ ನಡೆಯಿತು, ಅದರಲ್ಲಿ ಅವನದೇ ಮುಖದ ಗಂಬಳಿಗಳೂ ಇದ್ದವು. ಯಾರ ಮುಖವೋ ಅವನಿಗೇ ಉಡುಗೊರೆ; ದಾನಿಗಳಾಗಿ ಗಣರಾಜ್ಯಗಳು, ಕಾರ್ಖಾನೆಗಳು, 'ದುಡಿಯುವ ಜನತೆ'. ನೇಯ್ದ ಕೈಗಳು ಸಮೂಹದೊಳಗೆ ಕರಗಿಹೋದವು.

1956ರಲ್ಲಿ ಇಪ್ಪತ್ತನೆಯ ಮಹಾಧಿವೇಶನ ಸ್ಟಾಲಿನ್ ಆರಾಧನೆಯನ್ನು ಖಂಡಿಸಿದ ಮೇಲೆ ಈ ಮಾಧ್ಯಮದ ಒಂದು ವಿಚಿತ್ರ ಗುಣ ಬೆಳಕಿಗೆ ಬಂತು. ಪ್ರತಿಮೆಯನ್ನು ಉರುಳಿಸಬಹುದು, ಭಿತ್ತಿಪತ್ರದ ಮೇಲೆ ಇನ್ನೊಂದನ್ನು ಅಂಟಿಸಬಹುದು, ವರ್ಣಚಿತ್ರದಲ್ಲಿ ಪಕ್ಕದವನ ಮೇಲೆ ಒಂದು ಗಿಡ ಬಿಡಿಸಬಹುದು. ಗಂಟು ಹಾಕಿದ ಮುಖವನ್ನು ಅಳಿಸಲಾಗದು. ಅದು ಮೇಲ್ಮೈಗೆ ಬಳಿದದ್ದಲ್ಲ, ಬಟ್ಟೆಯೇ ಅದು. ಮುಖವನ್ನು ತೆಗೆದರೆ ಉಳಿಯುವುದು ತೂತು. ಹೀಗಾಗಿ ಉಳಿದದ್ದು ಎರಡೇ ದಾರಿ, ನಾಶಮಾಡುವುದು ಅಥವಾ ಸುತ್ತಿಡುವುದು. ಎರಡು ತಿಂಗಳ, ಆರು ತಿಂಗಳ ದುಡಿಮೆಯನ್ನು ಸುಡಲು ಕೈ ಬಾರದವರು ಸುತ್ತಿಟ್ಟರು. ಸ್ಟಾಲಿನ್ ಹುಟ್ಟೂರಾದ ಜಾರ್ಜಿಯಾದ ಗೋರಿಯಲ್ಲಿ 1957ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಮಾತ್ರ ಅಂಥವು ಗೋಡೆಯ ಮೇಲೆಯೇ ಉಳಿದುಕೊಂಡವು. ನೆಲದ ಮೇಲೆ ಹಾಸದೆ ಇದ್ದುದರಿಂದ ಇವುಗಳ ಉಣ್ಣೆ ಸವೆದಿಲ್ಲ. 1991ರ ಬಳಿಕ ಪೇಟೆಗೆ ಬಂದಾಗ 'ಅತ್ಯುತ್ತಮ ಸ್ಥಿತಿ' ಎಂಬ ಬಿರುದಿಗೆ ಅರ್ಹವಾದದ್ದು ಆ ಕಾರಣಕ್ಕೇ. ಅಂದಿನ ಭಯಭಕ್ತಿ ಇಂದಿನ ಬೆಲೆಯಾಗಿ ಪರಿವರ್ತನೆಗೊಂಡಿದೆ ಎನ್ನಬಹುದು.

ಈ ಪೇಟೆಯಲ್ಲಿ ಗಂಟಿನ ಗಂಬಳಿಯ ಜೊತೆಗೆ ಯಂತ್ರದ ನೇಯ್ಗೆಯೂ ಬೆರೆತುಹೋಗುತ್ತದೆ, ಸಂಗ್ರಾಹಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದುಂಟು. ಅದು ಬೇರೆಯೇ ವಂಶ. 1839ರಲ್ಲಿ ಲಿಯೋನ್ ನಗರದಲ್ಲಿ ಜ್ಯಾಕಾರ್ಡ್ ಮಗ್ಗದ ಜನಕನ ಭಾವಚಿತ್ರವನ್ನೇ ಸುಮಾರು 24,000 ರಂಧ್ರಪತ್ರಗಳ ನೆರವಿನಿಂದ ರೇಷ್ಮೆಯಲ್ಲಿ ನೇಯ್ದಲ್ಲಿಗೆ ಅದರ ಮೊದಲು. ಚೀನಾದ ಹಾಂಗ್‌ಝೌನಲ್ಲಿ ದು ಜಿನ್‌ಶೆಂಗ್ 1922ರಲ್ಲಿ ಸ್ಥಾಪಿಸಿದ ಕಾರ್ಖಾನೆ ಸರೋವರದ ದೃಶ್ಯಗಳನ್ನು ನೇಯ್ದು ಹೆಸರಾಗಿ, ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಮಾವೋನ ರೇಷ್ಮೆಮುಖಗಳನ್ನು ಹೊರತಂದಿತು. ಚಾದರಕ್ಕೆ ಹೆಸರಾದ ಸೊಲ್ಲಾಪುರದಲ್ಲೂ ಜ್ಯಾಕಾರ್ಡ್ ಹೊಸದಲ್ಲ. ದೇವರ, ನಾಯಕರ ಮುಖಗಳ ಗೋಡೆತೂಗುಗಳನ್ನು ಅಲ್ಲಿಯ ಪೇಟೆಯಲ್ಲಿ ಕಂಡವರಿದ್ದಾರೆ. ತೆಲುಗು ಮನೆಮಾತಿನ ಪದ್ಮಶಾಲಿ ನೇಕಾರರು, ಮರಾಠಿಯ ಆಡಳಿತ, ಕನ್ನಡದ ನೆರೆಹೊರೆ ಇರುವ ಆ ಊರಿನ ತೂಗುಗಳ ಕುರಿತು ನಮ್ಮಲ್ಲಿಯೇ ಯಾರಾದರೂ ಬರೆಯಬೇಕು. ಇಲ್ಲಿ ಅದು ವಿಷಯಾಂತರ. ಯಂತ್ರದ ನೇಯ್ಗೆಯಲ್ಲಿ ಪ್ರತಿಯೊಂದು ಪ್ರತಿಯೂ ಮತ್ತೊಂದರಂತೆ, ಕೈ ತಡವರಿಸಿದ ಗುರುತು ಸಿಗದು. ನನ್ನ ವಾದಕ್ಕೆ ಬೇಕಾಗಿರುವುದು ಆ ತಡವರಿಕೆ.

ತಡವರಿಕೆ ಧಾರಾಳವಾಗಿ ಸಿಗುವುದು ಅಫ್ಘಾನ್ ಗಂಬಳಿಗಳಲ್ಲಿ. 1919ರಿಂದ 1929ರವರೆಗೆ ಆಳಿ ಪದಚ್ಯುತನಾದ ಅಮಾನುಲ್ಲಾನ ಮುಖ ಅವನ ಪದವಿ ಹೋದ ಮೇಲೂ ಮಗ್ಗದಿಂದ ಮಗ್ಗಕ್ಕೆ ನಕಲಾಗುತ್ತಾ ಉಳಿಯಿತು. ನಕಲಿನ ನಕಲಿನಲ್ಲಿ ಪದಕಗಳು ಹೂಗಳಾದವು, ಟೋಪಿಯ ಗರಿ ಮರವಾಯಿತು. ಕೆರ್ಮಾನಿನ ನೆಪೋಲಿಯನ್ನನಂತೆ ಈ ದೊರೆಯೂ ಕೊನೆಗೆ ಗಂಬಳಿಯ ಪ್ರಜೆಯಾದ. 1979ರ ಸೋವಿಯತ್ ಆಕ್ರಮಣದ ಬಳಿಕ ಟ್ಯಾಂಕು, ಹೆಲಿಕಾಪ್ಟರು, ಕಲಾಶ್ನಿಕೋವ್ ಬಂದೂಕುಗಳು ಹೂಬಳ್ಳಿಯ ಜಾಗಕ್ಕೆ ಬಂದವು. 2001ರ ಬಳಿಕ ಅಹ್ಮದ್ ಶಾ ಮಸೂದ್‌ನ ಮುಖವೂ ನ್ಯೂಯಾರ್ಕಿನ ಅವಳಿ ಗೋಪುರಗಳೂ ಬಂದವು. ಗೋಪುರದ ಗಂಬಳಿಗಳಲ್ಲಿನ ಪಾರಿವಾಳ, ಎರಡು ಬಾವುಟಗಳ ಚಿತ್ರ ಅಮೆರಿಕನ್ ಸೇನೆ ಉದುರಿಸಿದ ಕರಪತ್ರದಿಂದ ಎತ್ತಿಕೊಂಡದ್ದು. ವಿಮಾನದಿಂದ ಬಿದ್ದ ಪ್ರಚಾರ ನೇಯ್ಗೆಯಾಗಿ, ಅದೇ ಸೈನಿಕರಿಗೆ ನೆನಪಿನ ಕಾಣಿಕೆಯಾಗಿ ಮಾರಾಟವಾಯಿತು. 2021ರಲ್ಲಿ ಬ್ರಿಟಿಷ್ ಮ್ಯೂಸಿಯಂ ಈ ಯುದ್ಧಗಂಬಳಿಗಳದೇ ಪ್ರದರ್ಶನ ನಡೆಸಿತು. ಇಲ್ಲಿ ಪ್ರಚಾರ ಮುಗಿದು ಸಂಗ್ರಹ ಶುರುವಾಗುವ ಗೆರೆ ಎಲ್ಲಿದೆಯೆಂದು ತೋರಿಸಲು ನನ್ನಿಂದಾಗದು.

ಈ ಗಂಬಳಿಗಳ ಇಂಗ್ಲಿಷ್ ಅಕ್ಷರಗಳು ತಪ್ಪುತಪ್ಪಾಗಿರುತ್ತವೆ. ಕೆಲವು ತಲೆಕೆಳಗು, ಕೆಲವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಸಂಗ್ರಾಹಕರಿಗೆ ಇವು ತಮಾಷೆ, ಮಾರುವವರಿಗೆ ಅಧಿಕೃತತೆಯ ಮುದ್ರೆ. ಪಟ್ಟಿಗಳಲ್ಲಿ 'ಕಾಗುಣಿತ ದೋಷವಿದೆ' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆದರೆ ತಿರುವುಮುರುವಾದ ಅಕ್ಷರವನ್ನು ಅದರ ಪಕ್ಕದ ಅಂಚಿನೊಂದಿಗೆ ಇಟ್ಟು ನೋಡಬೇಕು. ಅಂಚಿನಲ್ಲಿ ಪ್ರತಿಯೊಂದು ಕೊಂಡಿಯೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮುಖ ಮಾಡುತ್ತದೆ. ಜೋಡಿಯನ್ನು ಎದುರುಬದುರಾಗಿ ನಿಲ್ಲಿಸುವುದು ಆ ಕಲೆಯ ಮೊದಲ ನಿಯಮ. ಅಕ್ಷರವನ್ನೂ ಕೊಂಡಿಯೆಂದೇ ತಿಳಿದ ಕೈ ಅದನ್ನು ತಿರುವಿ ಹಾಕಿದೆ. ಇಂಗ್ಲಿಷಿನಲ್ಲಿ ಅದು ತಪ್ಪು, ಅವಳ ವ್ಯಾಕರಣದಲ್ಲಿ ಸರಿ. ಹರಾಜಿನ ಪಟ್ಟಿಯಲ್ಲಿ ನಾಯಕನ ಹೆಸರು, ಅಳತೆ, ಇಸವಿ, ಗಂಟಿನ ಎಣಿಕೆ ಇರುತ್ತವೆ; ಆ ತಿರುವಿದ ಅಕ್ಷರ ಎಷ್ಟನೆಯ ಸಾಲಿನಲ್ಲಿದೆ, ಅದರ ಪಕ್ಕದ ಅಂಚು ಯಾವ ಬುಡಕಟ್ಟಿನದು ಎಂಬುದನ್ನು ಬರೆದ ಪಟ್ಟಿಯನ್ನು ನಾನು ಈವರೆಗೆ ನೋಡಿಲ್ಲ.